ರೈಲಿನಲ್ಲಿ ಸಿಕ್ಕ ಆ ತಾಯಿಗೆ

ಹುಬ್ಬಳ್ಳಿಯಿಂದ ಮೈಸೂರಿಗೆ ಬರುವಾಗ, ರಕ್ತದ ಸಕ್ಕರೆ ಪರೀಕ್ಷೆಗೆಂದು ಅಮ್ಮನ ಬೆರಳಿಗೆ ಚುಚ್ಚಿದ ಸೂಜಿ-ಪೆನ್ನಿಗೇ ಹೊಸ ಸೂಜಿ ಹಾಕಿ ಸೋದರಮಾವನಿಗೂ ಚುಚ್ಚಲು ಹೊರಟಿದ್ದ ನನ್ನನ್ನು, ತಾವು ನರ್ಸ್ ಎಂದಷ್ಟೇ ಹೇಳಿಕೊಂಡ ಸಹಪ್ರಯಾಣಿಕರೊಬ್ಬರು ಮೃದುವಾಗಿ ತಡೆದರು. ಸೂಜಿ ಬದಲಿಸಿದರೂ ಪೆನ್ನಿನ ಮುಚ್ಚಳದಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಉಳಿದಿರಬಹುದೆಂದೂ, ಯಕೃತ್ತನ್ನು ಬಾಧಿಸುವ ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ ಕನಿಷ್ಠ 7 ದಿನ ಸೋಂಕು ಹರಡಬಲ್ಲದೆಂದೂ, ಆದ್ದರಿಂದ ಒಂದೇ ಮನೆಯವರಾದರೂ ಒಬ್ಬೊಬ್ಬರಿಗೆ ಒಂದೊಂದು ಪೆನ್ನು ಇರಲೇಬೇಕೆಂದೂ ಅವರು ವಿವರಿಸಿದರು. ಅಮ್ಮನ ಸಕ್ಕರೆ 240 ತೋರಿಸಿದ್ದಕ್ಕೆ ನಾವು ಗಾಬರಿಗೊಂಡಿದ್ದೆವು; ಆದರೆ ಅಮ್ಮ ಆಗಷ್ಟೇ ಮಾವನಿಗೆಂದು ಕಿತ್ತಳೆ ಸುಲಿದಿದ್ದ ಕೈಯನ್ನು (ತಾನು ಒಂದು ತೊಳೆಯನ್ನೂ ತಿಂದಿರಲಿಲ್ಲ!) ಸೋಪಿನಿಂದ ತೊಳೆದು, ಒರೆಸಿ, ಬೆರಳ ತುದಿಯ ಬದಿಗೆ ಚುಚ್ಚಿದಾಗ 148 ಬಂತು; ಬೆರಳಿಗಂಟಿದ್ದ ಹಣ್ಣಿನ ಸಕ್ಕರೆಯೇ ಮೊದಲ ಅಂಕಿಯನ್ನು ಏರಿಸಿತ್ತು. ಬಳಸಿದ ಸೂಜಿಗಳಿಗೆಂದು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಂದನ್ನೂ ಕೊಟ್ಟು, ಹೆಸರು ಕೇಳುವ ಮೊದಲೇ ಅರಸೀಕೆರೆಯಲ್ಲಿ ಇಳಿದುಹೋದ ಅವರಿಗೆ ನಮ್ಮ ಕುಟುಂಬದ ಹೃತ್ಪೂರ್ವಕ ಧನ್ಯವಾದಗಳು.