ಮುಂಬೈನ ವಡಾಲಾದಿಂದ ಪುಟ್ಟಿಗೆ

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ಇಲ್ಲಿ ನಾವಿಬ್ಬರೂ ಕ್ಷೇಮ. ಮಳೆ ಬಿಡುವ ಹಾಗೆ ಕಾಣುತ್ತಿಲ್ಲ. ನಿಮ್ಮತ್ತೆಗೆ ಮಂಡಿ ನೋವು ಸ್ವಲ್ಪ ಜಾಸ್ತಿಯಾಗಿದೆ, ಅದು ಪ್ರತಿ ಮಳೆಗಾಲದ ಕಥೆ.

ಗುರುವಾರ ರಾತ್ರಿ ನೀನು ಫೋನಿನಲ್ಲಿ ಕೇಳಿದ್ದು ನನ್ನ ತಲೆಯಲ್ಲೇ ಉಳಿದುಬಿಟ್ಟಿದೆ. "ಮನಸ್ಸಲ್ಲಿ ಇಲ್ಲದ ನಗು ಮುಖದ ಮೇಲೆ ತಂದುಕೊಂಡರೆ ಅದು ಸುಳ್ಳಲ್ವಾ ಮಾವ? ನನಗೆ ನಾಟಕ ಬರಲ್ಲ" ಅಂದೆ. ಆಗ ನನಗೆ ಉತ್ತರ ಹೊಳೆಯಲಿಲ್ಲ. ಊಟ ಆಯ್ತಾ ಅಂತ ಕೇಳಿ ಮಾತು ಮುಗಿಸಿಬಿಟ್ಟೆ. ಇವತ್ತು ಕೂತು ಬರೆಯುತ್ತಿದ್ದೇನೆ.

ನಡೆದದ್ದನ್ನು ನೀನೇ ಹೇಳಿದೆ. ನಿನ್ನ ರೂಮಿನ ಹುಡುಗಿಗೆ ಕೆಲಸ ಕಾಯಂ ಆಯ್ತು. ಪೇಢೆ ಡಬ್ಬಿ ಹಿಡಿದುಕೊಂಡು ಓಡಿ ಬಂದಳು. ಆವತ್ತು ಆಫೀಸಿನಲ್ಲಿ ಬೈಸಿಕೊಂಡು ಬಂದಿದ್ದ ನೀನು ತಲೆ ಎತ್ತದೆ "ಅಲ್ಲಿಡು" ಅಂದೆ. ಅವಳು ಡಬ್ಬಿ ಇಟ್ಟು ಹೊರಗೆ ಹೋದಳು. ಮೂರು ದಿನವಾಯ್ತು, ಸರಿಯಾಗಿ ಮಾತಿಲ್ಲ. ನಿನ್ನ ನೋವು ನಿಜ ಪುಟ್ಟಿ, ಅದನ್ನು ನಾನು ಅಲ್ಲಗಳೆಯೋದಿಲ್ಲ. ಆದರೆ ಅವಳ ಸಂತೋಷವೂ ಅಷ್ಟೇ ನಿಜ ಅಲ್ವಾ?

ನಿನಗೆ ಇದುವರೆಗೆ ಹೇಳದ ಒಂದು ವಿಷಯ ಹೇಳುತ್ತೇನೆ. ನಿಮ್ಮತ್ತೆಗೆ ಬಿಟ್ಟರೆ ಯಾರಿಗೂ ಹೇಳಿಲ್ಲ.

1991ರ ಜುಲೈ ಇರಬೇಕು. ನಾನು ಇಲ್ಲಿನ ಸಿಟಿ ಬಸ್ಸು, ಬೆಸ್ಟ್‌ನಲ್ಲಿ ಕಂಡಕ್ಟರ್ ಆಗಿ ಏಳೆಂಟು ವರ್ಷ ಆಗಿತ್ತು. ಹಿಂದಿನ ದಿನ ಮುದ್ದೇಬಿಹಾಳದಿಂದ ಅಣ್ಣನ ಕಾಗದ ಬಂದಿತ್ತು, ಹೊಲ ಭಾಗ ಮಾಡುವ ವಿಷಯ. ರಾತ್ರಿಯಿಡೀ ನಿದ್ದೆ ಇರಲಿಲ್ಲ. ಮುಂಬೈನಲ್ಲಿ ಮೊದಲ ಬಸ್ ಓಡಿದ್ದೂ ಒಂದು ಜುಲೈನಲ್ಲೇ, 1926ರ ಜುಲೈ 15ಕ್ಕೆ. ಮಳೆಗಾಲದ ಬಸ್ಸು ಅಂದರೆ ಏನು ಅಂತ ಅವತ್ತಿನಿಂದಲೂ ಕಂಡಕ್ಟರುಗಳಿಗೆ ಗೊತ್ತು. ಕಿಟಕಿ ಎಲ್ಲ ಮುಚ್ಚಿರುತ್ತೆ. ಒದ್ದೆ ಕೊಡೆ, ಒದ್ದೆ ಬಟ್ಟೆ, ಉಸಿರಾಡೋಕೆ ಜಾಗ ಇಲ್ಲ. ಆ ಗದ್ದಲದಲ್ಲಿ ಒಬ್ಬಳು ಮುದುಕಿ ಟಿಕೆಟ್ಟಿಗೆ ದೊಡ್ಡ ನೋಟು ಚಾಚಿದಳು. ಚಿಲ್ಲರೆ ಕೊಡು ಅಂತ ನಾನು ಮರಾಠಿಯಲ್ಲಿ ಸಿಡಿದುಬಿಟ್ಟೆ. "ಸುಟ್ಟೆ ದ್ಯಾ, ಸುಟ್ಟೆ! ಚಿಲ್ಲರೆ ಇಲ್ಲದಿದ್ದರೆ ಹತ್ತೋದು ಯಾಕೆ?" ಅಂತ ಬಸ್ಸಿಗೆಲ್ಲ ಕೇಳುವ ಹಾಗೆ ಕೂಗಿದೆ. ಅವಳು ಕಂಕುಳಲ್ಲಿದ್ದ ಗಂಟನ್ನು ಸೀಟಿನ ಮೇಲಿಟ್ಟು, ಸೆರಗಿನ ತುದಿ ಬಿಚ್ಚಿ, ನಡುಗುವ ಕೈಯಲ್ಲಿ ನಾಣ್ಯ ಎಣಿಸಿದಳು. ಮುಂದಿನ ಸ್ಟಾಪು ಬಂದದ್ದೇ ತಡ, ಜನರ ನಡುವೆ ತೂರಿಕೊಂಡು ಇಳಿದೇಬಿಟ್ಟಳು.

ಬಸ್ಸು ಸ್ವಲ್ಪ ಖಾಲಿಯಾದ ಮೇಲೆ ಆ ಸೀಟಿನ ಮೇಲೆ ಗಂಟು ಕಂಡಿತು. ಹಳೇ ಸೀರೆಯ ತುಂಡಿನಲ್ಲಿ ಕಟ್ಟಿದ ಎರಡು ತಟ್ಟೆಯ ಸ್ಟೀಲ್ ಡಬ್ಬ. ಕೈಗೆತ್ತಿಕೊಂಡೆ. ಇನ್ನೂ ಬಿಸಿ ಇತ್ತು. ಅವಳು ಕೇಳಿದ್ದು ಪರೇಲಿನ ಕೆಇಎಂ ಆಸ್ಪತ್ರೆಯ ಟಿಕೆಟ್ಟು. ಅಲ್ಲಿಗೆ ಇನ್ನೂ ಎರಡು ಸ್ಟಾಪು ಇತ್ತು.

ಡಬ್ಬವನ್ನು ಡಿಪೋದಲ್ಲಿ ಬರೆಸಿ ಕೊಟ್ಟೆ. ಅವಳು ಬರಲಿಲ್ಲ. ಒಂದು ವಾರ ಆ ಸ್ಟಾಪು ಬಂದಾಗಲೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಯಾರು ಹಾಸಿಗೆಯ ಮೇಲೆ ಮಲಗಿ ಆ ಊಟಕ್ಕೆ ಕಾಯುತ್ತಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಣ್ಣನ ಮೇಲಿನ ಸಿಟ್ಟು ಮುದ್ದೇಬಿಹಾಳಕ್ಕೆ ಹೋಗಬೇಕಾಗಿತ್ತು, ಹೋಗಿದ್ದು ಅವಳ ಮೇಲೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತ ನಮ್ಮವರು ಸುಮ್ನೆ ಹೇಳಿಲ್ಲ.

ನೋಡು, ಆ ದಿನ ನಾನು ಸ್ವಲ್ಪವೂ ನಾಟಕ ಮಾಡಲಿಲ್ಲ. ಒಳಗೆ ಏನಿತ್ತೋ ಅದನ್ನೇ ತೋರಿಸಿದೆ. ಅದರಲ್ಲಿ ಪ್ರಾಮಾಣಿಕತೆ ಇತ್ತು ಅಂತ ನೀನು ಹೇಳ್ತೀಯಾ?

ಇನ್ನೊಂದು ಮಳೆಯ ಮಾತು. 2005ರ ಜುಲೈ 26, ನೀನು ಆಗ ತುಂಬ ಚಿಕ್ಕವಳು. ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಬಿತ್ತು. ನಮ್ಮ ಡಬಲ್ ಡೆಕರ್ ಕಲೀನಾ ಹತ್ತಿರ ನಿಂತುಹೋಯ್ತು. ಆ ಬಸ್ಸಿಗೆ ಇಬ್ಬರು ಕಂಡಕ್ಟರು, ಮೇಲಿನ ಮಹಡಿ ನನ್ನದು. ಕೆಳಗಡೆ ನೀರು ನುಗ್ಗಿತು, ಎಲ್ಲರನ್ನೂ ಮೇಲೆ ಹತ್ತಿಸಿದೆವು. ಕತ್ತಲು. ಫೋನು ಸತ್ತುಹೋಗಿತ್ತು. ಮಕ್ಕಳು ಅಳುತ್ತಿದ್ದವು. ಒಬ್ಬರಿಗೂ ತಮ್ಮ ಮನೆ ಏನಾಗಿದೆ ಅಂತ ಗೊತ್ತಿಲ್ಲ.

ನಮ್ಮ ಡ್ರೈವರು ಸಾತಾರಾ ಕಡೆಯವನು. ಮೇಲೆ ಬಂದು ನಡುವೆ ನಿಂತುಕೊಂಡ. ಮಕ್ಕಳನ್ನು ಕರೆದು ಒಬ್ಬೊಬ್ಬರ ಊರು ಕೇಳಿದ. ಹಾಡು ಹಾಡಿಸಿದ. ಯಾರ ಚೀಲದಲ್ಲೋ ಬಿಸ್ಕೆಟ್ ಇತ್ತು, ಅದನ್ನು ಮುರಿದು ಪ್ರಸಾದದ ಹಾಗೆ ಹಂಚಿದ. ಪಕ್ಕದ ಚಾಳಿನವರು ಎದೆಮಟ್ಟ ನೀರಲ್ಲಿ ಪಾತ್ರೆ ತಲೆಮೇಲೆ ಹೊತ್ತು ಚಹಾ ತಂದರು. ಅವರ ಜೊತೆಗೂ ನಗುನಗುತ್ತಾ ಮಾತಾಡಿದ. ಆ ಮೇಲಿನ ಮಹಡಿಯಲ್ಲಿ ಜನ ಹೆದರದೆ ರಾತ್ರಿ ಕಳೆದದ್ದು ಅವನೊಬ್ಬನಿಂದ.

ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಅವನು ಕಾಣಲಿಲ್ಲ. ಹುಡುಕುತ್ತಾ ಮೆಟ್ಟಿಲಿಳಿದೆ. ಕೊನೇ ಮೆಟ್ಟಿಲಲ್ಲಿ, ಕಾಲು ನೀರಲ್ಲಿ ಬಿಟ್ಟು ಕೂತಿದ್ದ. ಬಾಯಿಗೆ ಟವೆಲ್ ಒತ್ತಿಕೊಂಡು ಅಳುತ್ತಿದ್ದ. ಅವನ ಹೆಂಡತಿ, ಮಗು ಇದ್ದದ್ದು ಕುರ್ಲಾದಲ್ಲಿ, ತಗ್ಗಿನ ಮನೆ. ನನ್ನ ಭುಜಕ್ಕೆ ಒರಗಿ ಸ್ವಲ್ಪ ಹೊತ್ತು ಅತ್ತ, ಹೇಳಬೇಕಾದ್ದೆಲ್ಲ ಹೇಳಿದ. ಆಮೇಲೆ ಮಳೆ ನೀರಲ್ಲೇ ಮುಖ ತೊಳೆದುಕೊಂಡು ಮತ್ತೆ ಮೇಲೆ ಹೋದ. ಅವನ ಮನೆಯವರು ಕ್ಷೇಮವಾಗಿದ್ದರು, ಪಕ್ಕದವರ ಮಾಳಿಗೆ ಹತ್ತಿದ್ದರು. ಅದು ತಿಳಿದದ್ದು ಮಾರನೇ ಸಂಜೆ.

ಅವನ ನಗು ಸುಳ್ಳಾ ಪುಟ್ಟಿ? ನನಗೆ ಹಾಗೆ ಅನ್ನಿಸೋದೇ ಇಲ್ಲ. ಆ ಮಕ್ಕಳು ಹೆದರಬಾರದು ಅನ್ನೋದು ಅವನ ಮನಸ್ಸಲ್ಲಿ ನಿಜವಾಗಿಯೂ ಇತ್ತು. ನಗು ಬಂದದ್ದು ಅಲ್ಲಿಂದ.

ನಿಮ್ಮಕ್ಕ ಮನಶ್ಶಾಸ್ತ್ರ ಓದುವಾಗ ನನಗೆ ಇದನ್ನೇ ಬೇರೆ ಮಾತಲ್ಲಿ ವಿವರಿಸಿದ್ದಳು. ಅಮೆರಿಕದಲ್ಲಿ ಆರ್ಲಿ ಹಾಕ್‌ಶೀಲ್ಡ್ ಅಂತ ಒಬ್ಬ ಸಮಾಜಶಾಸ್ತ್ರಜ್ಞೆ. ವಿಮಾನದ ಗಗನಸಖಿಯರು ದಿನವಿಡೀ ಹೇಗೆ ನಗುತ್ತಾರೆ ಅಂತ ಹತ್ತಿರದಿಂದ ನೋಡಿ 1983ರಲ್ಲಿ ಬರೆದರು. ಒಂದು ಬರೀ ತುಟಿಯ ನಗು. ಇನ್ನೊಂದು, ಎದುರಿಗಿರುವವನನ್ನು ಮನೆಗೆ ಬಂದ ಅತಿಥಿ ಅಂತ ಅಂದುಕೊಂಡು ಮನಸ್ಸನ್ನೇ ಸ್ವಲ್ಪ ತಿರುಗಿಸಿಕೊಳ್ಳೋದು. ಬರೀ ತುಟಿಯ ನಗುವನ್ನೇ ದಿನಗಟ್ಟಲೆ ನಗುವವರು ಒಳಗೊಳಗೇ ದಣಿಯುತ್ತಾರಂತೆ. ನಾಟಕ ಅಂತ ನೀನು ಹೆದರುವುದು ಆ ತುಟಿಯ ನಗುವಿಗೆ. ನೀನು ಹೆದರೋದು ಸರಿಯಾಗಿಯೇ ಇದೆ. ನಾನು ಕೇಳುತ್ತಿರೋದು ಎರಡನೆಯದನ್ನು. ಪೇಢೆ ಹಿಡಿದು ನಿಂತವಳನ್ನು ಒಂದು ಸಲ ಕಣ್ಣೆತ್ತಿ ನೋಡು, ಸಾಕು. "ಅಯ್ಯೋ ಎಷ್ಟು ಒಳ್ಳೇದಾಯ್ತು ಕಣೇ! ಇವತ್ತು ನನ್ನ ದಿನ ಚೆನ್ನಾಗಿಲ್ಲ, ನಾಳೆ ಪೂರ್ತಿ ಕಥೆ ಕೇಳ್ತೀನಿ" ಅಂದಿದ್ದರೆ ಅದರಲ್ಲಿ ಸುಳ್ಳು ಎಲ್ಲಿತ್ತು?

ನಕ್ಕರೆ ನಿನ್ನ ಮನಸ್ಸು ತಾನೇ ಸರಿಹೋಗುತ್ತೆ ಅಂತಲೂ ನಾನು ಹೇಳೋದಿಲ್ಲ. ಆ ನಗು ಎದುರಿಗಿರುವವರಿಗೆ. ನಿನ್ನ ದುಃಖಕ್ಕೆ ಬೇರೆ ಜಾಗ ಬೇಕು, ಡ್ರೈವರಿಗೆ ಆ ಕೊನೇ ಮೆಟ್ಟಿಲು ಇದ್ದ ಹಾಗೆ. ಡ್ಯೂಟಿಯ ದಿನಗಳಲ್ಲಿ ನನಗೆ ಡಿಪೋ ಕ್ಯಾಂಟೀನು ಇತ್ತು, ಒಬ್ಬ ಗೆಳೆಯ, ಹತ್ತು ನಿಮಿಷ, ಅರ್ಧ ಚಹಾ. ಆ ಮುದುಕಿಯ ಪ್ರಸಂಗ ಆದ ಮೇಲೆ ನಾನು ಅದನ್ನು ಒಂದು ದಿನವೂ ತಪ್ಪಿಸಲಿಲ್ಲ. ಊರಿನ ಕಾಗದ ಬಂದ ದಿನ ಮೊದಲು ಅವನ ಹತ್ತಿರ ಕಕ್ಕಿ, ಆಮೇಲೆ ಬಸ್ ಹತ್ತುತ್ತಿದ್ದೆ. ನೀನೂ ಆಫೀಸಿನಿಂದ ನೇರ ರೂಮಿಗೆ ನುಗ್ಗಬೇಡ. ಗೇಟಿನ ಹೊರಗೆ ಎರಡು ಸುತ್ತು ನಡಿ, ಅಮ್ಮನಿಗೆ ಫೋನ್ ಮಾಡು, ಕೈಕಾಲು ಮುಖ ತೊಳಿ. ನಮ್ಮ ಮನೆಗಳಲ್ಲಿ ಹೊರಗಿನಿಂದ ಬಂದವರಿಗೆ ಮೊದಲು ಕಾಲಿಗೆ ನೀರು ಕೊಡುತ್ತಿದ್ದದ್ದು ಬರೀ ಧೂಳಿಗಾಗಿ ಅಲ್ಲ ಅಂತ ನನಗೆ ಅನ್ನಿಸುತ್ತೆ.

ಎರಡು ಮಾತು ಗಟ್ಟಿಯಾಗಿ ಹೇಳಬೇಕು. ಹೆಣ್ಣುಮಕ್ಕಳಿಗೆ "ಸ್ವಲ್ಪ ನಗಬಾರದಾ" ಅಂತ ಹೇಳುವವರು ಜಾಸ್ತಿ. ಯಾರಾದರೂ ನಿನ್ನ ಜೊತೆ ಕೆಟ್ಟದಾಗಿ ನಡೆದುಕೊಂಡರೆ ನಗಬೇಡ. ಮುಖ ಗಂಟಿಕ್ಕು, ಕೂಗು, ನನಗೆ ಹೇಳು. ಇನ್ನೊಂದು, ಎರಡು ವಾರ ಕಳೆದರೂ ಮನಸ್ಸು ಮೇಲೇಳದೆ, ಊಟ ನಿದ್ದೆ ಕೆಟ್ಟು, ಯಾವುದೂ ಬೇಡ ಅನ್ನಿಸಿದರೆ ಅದು ಮುಖ ತೊಳೆದರೆ ಹೋಗುವಂಥದ್ದಲ್ಲ. ಡಾಕ್ಟರಿಗೆ ತೋರಿಸಬೇಕು. ಸರ್ಕಾರ 2022ರ ಅಕ್ಟೋಬರಿನಲ್ಲಿ ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ ಅನ್ನೋ ಸಹಾಯವಾಣಿ ಶುರುಮಾಡಿದೆ, ನಂಬರು 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ಫೋನಿನಲ್ಲಿ ಬರೆದಿಟ್ಟುಕೋ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಮಿಕ್ಕ ದಿನಗಳಿಗೆ ನಾನಿದ್ದೇನೆ. ರಾತ್ರಿ ಒಂಬತ್ತೂವರೆಗೆ ನಿಮ್ಮತ್ತೆ ಧಾರಾವಾಹಿ ಮುಗಿಸಿ ಮಲಗುತ್ತಾಳೆ. ನಾನು ಬಾಲ್ಕನಿಯಲ್ಲಿ ಕೂತಿರುತ್ತೇನೆ. ಆಗ ಫೋನ್ ಮಾಡು. ನನ್ನ ಹತ್ತಿರ ನಗಬೇಕಾಗಿಲ್ಲ, ಅಳು, ಬೈ, ಸುಮ್ಮನಿದ್ದರೂ ಆಯ್ತು.

ಪಕ್ಕದ ಮನೆಯ ಹುಡುಗ ನಾಳೆ ಸಂಜೆ ಡೆಕ್ಕನ್ ಕ್ವೀನ್ ರೈಲಿನಲ್ಲಿ ಪುಣೆಗೆ ಬರುತ್ತಿದ್ದಾನೆ. ಅವನ ಕೈಯಲ್ಲಿ ಶೇಂಗಾ ಹೋಳಿಗೆ ಕಳಿಸುತ್ತಿದ್ದೇವೆ. ನಿನಗೆ ಆರು, ಆ ಹುಡುಗಿಗೆ ಆರು, ನಿಮ್ಮತ್ತೆ ಬೇರೆ ಬೇರೆ ಕಟ್ಟಿದ್ದಾಳೆ. ಅವಳದ್ದನ್ನು ನೀನೇ ಕೈಯಾರೆ ಕೊಡು. ಕೊಡುವಾಗ ಅವಳ ಹೊಸ ಕೆಲಸ ಹೇಗಿದೆ ಅಂತ ಕೇಳು.

ಇತಿ,
ನಿನ್ನ ಮಾವ