ಅಜ್ಜಿ ವರ್ಷಾಂತಕ್ಕೆ ಮುಂಚೆ ಅಮ್ಮಂಗೆ ಒಂದು ಪತ್ರ

ಅಮ್ಮಾ,

ನಾವಿಲ್ಲಿ ಆರಾಮ, ಮ್ಯೂನಿಕ್‌ನಲ್ಲಿ ಇನ್ನೂ ಚಳಿ ಬಿಟ್ಟಿಲ್ಲ. ಅಜ್ಜಿ ವರ್ಷಾಂತದ ದಿನ ಮಕ್ಳಿಗೆ ಓದಿ ಹೇಳೋಕೆ ಏನಾದ್ರೂ ಬರ್ದು ಕಳ್ಸು ಅಂತ ಅಪ್ಪ ಅಂದ್ರಲ್ಲ, ಅದನ್ನ ನಿಂಗೇ ಬರೀತಿದೀನಿ, ಅಜ್ಜಿ ಜೊತೆ ಆ ಅಡುಗೆಮನೆಲಿ ಅಷ್ಟು ವರ್ಷ ನಿಂತಿದ್ದು ನೀನೇ ತಾನೇ.

ಎಲ್ರೂ ಅಜ್ಜಿ ಕೈರುಚಿ ಬಗ್ಗೆ ಹೇಳ್ತಾರೆ. ನಂಗನ್ಸೋದು, ಮಕ್ಳಿಗೆ ಮೊದ್ಲು ಮುಳುಗಡೆ ವಿಷ್ಯ ಹೇಳ್ಬೇಕು. ಅಜ್ಜಿ ಮದುವೆಯಾಗಿ ಬಂದ ಮನೆ ಈಗ ಶರಾವತಿ ಹಿನ್ನೀರಿನ ತಳದಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಡ್ಯಾಂ ಆದಾಗ ಫಸಲು ಕೊಡ್ತಿದ್ದ ತೋಟ, ಕೊಟ್ಟಿಗೆ, ಉಪ್ಪಿನಕಾಯಿಗೆ ಹಾಕೋ ಅಪ್ಪೆಮಿಡಿ ಮಾವಿನ ಮರ ಎಲ್ಲಾ ಬಿಟ್ಟು ಕೈಗೂಸು ದೊಡ್ಡಪ್ಪನ್ನ ಎತ್ಕೊಂಡು ಸಾಗರದ ಈ ಕಡೆ ಬಂದವಳು. ಹೊಸ ಅಡಿಕೆ ಸಸಿ ಫಸಲಿಗೆ ಬರೋಕೆ ಆರೇಳು ವರ್ಷ ಬೇಕು, ಅಲ್ಲೀವರೆಗೂ ಮನೆ ನಡೆದಿದ್ದು ಅಜ್ಜಿ ಸಾಕಿದ ಎಮ್ಮೆಗಳ ಹಾಲು ತುಪ್ಪದಲ್ಲಿ. ಹೊಳೆ ದಾಟಿದ್ರೆ ಸಿಗ್ತಿದ್ದ ತವರು, ತುಮರಿ ಕಡೆದು, ನೀರು ನಿಂತ್ಮೇಲೆ ದೂರ ಆಗೋಯ್ತು. ಹಿನ್ನೀರು ದಾಟೋಕೆ ಲಾಂಚ್ ಕಾಯ್ಬೇಕಿತ್ತು, ಸಂಜೆ ಮೇಲೆ ಅದೂ ಇರ್ತಿರ್ಲಿಲ್ಲ. ಅವಳ ಅಮ್ಮ ತೀರ್ಕೊಂಡಾಗ ಕಡೇ ಲಾಂಚ್ ತಪ್ಪಿ ರಾತ್ರಿಯಿಡೀ ಲಾಂಚ್ ಹತ್ತೋ ಹೊಳೆಬಾಗಿಲಲ್ಲಿ ಕೂತಿದ್ಲು ಅಂತ ನೀನು ಹೇಳಿದ್ಮೇಲೇ ನಂಗೆ ಗೊತ್ತಾಗಿದ್ದು, ಅಜ್ಜಿ ಬಾಯಲ್ಲಿ ಒಂದಿನಾನೂ ಬರ್ಲಿಲ್ಲ. 2025ರ ಜುಲೈನಲ್ಲಿ ಅದೇ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ಓಪನ್ ಆದ ವಿಡಿಯೋ ನೋಡಿ ಅತ್ತುಬಿಟ್ಟೆ ಅಮ್ಮ, ಇನ್ನೊಂದು ನಾಕು ತಿಂಗ್ಳು ಇದ್ದಿದ್ರೆ ಕಾರಲ್ಲಿ ಕೂರ್ಸ್ಕೊಂಡು ಹೋಗ್ಬೋದಿತ್ತು.

ಅಡಿಕೆ ಸುಲಿಯೋ ರಾತ್ರಿಗಳು ನೆನಪಿದ್ಯಾ? ಮೆಟ್ಟುಗತ್ತಿ ಮುಂದೆ ಕಾಲು ಮಡಚಿ ಕೂತ್ರೆ ಮುಗೀತು, ಬೆರಳೆಲ್ಲಾ ಕಪ್ಪು, ಆ ಕಲೆ ಸುಗ್ಗಿ ಮುಗಿದ್ರೂ ಉಗುರಿನ ಸಂದಿಲಿ ಇರ್ತಿತ್ತು. ಸುಲಿಯೋಕೆ ಬಂದ ಹೆಂಗಸ್ರಿಗೆ ನಡುರಾತ್ರಿ ಕಾಫಿ ಅವಲಕ್ಕಿ, ಯಾರದು ಎಷ್ಟು ಡಬ್ಬ ಆಯ್ತು ಅನ್ನೋದು ಬಾಯಲ್ಲೇ ಲೆಕ್ಕ, ಅಜ್ಜನ ಪುಸ್ತಕ ತಪ್ಪಿದ್ರೂ ಅವಳದು ತಪ್ತಿರ್ಲಿಲ್ಲ, ಕಡೆಯವಳು ಎದ್ದು ಹೋಗೋ ತನಕ ತಾನೂ ಏಳ್ತಿರ್ಲಿಲ್ಲ. ಅದೇ ಕೈ ಬೇಸಿಗೆಲಿ ಮಿಡಿ ಆರಿಸೋವಾಗ ಎಷ್ಟು ಮೆತ್ತಗೆ! ತೊಟ್ಟು ಮುರಿದ್ರೆ ಸೊನೆ ಹೋಗುತ್ತೆ, ಸೊನೆ ಹೋದ್ರೆ ಘಮ ಎಲ್ಲಿಂದ ಬರುತ್ತೆ ಅಂತ ನಮ್ಮ ಕೈಗೆ ಒಂದೇಟು ಬೀಳ್ತಿತ್ತು.

ಅಮ್ಮ, ಒಂದು ಮಾತು. ಎಲ್ರ ಊಟ ಆದ್ಮೇಲೆ ತಳದಲ್ಲಿ ಉಳಿದಿದ್ದು ಬಡಿಸ್ಕೊಂಡು ಉಣ್ತಿದ್ಲು ಅನ್ನೋದನ್ನ ದಯವಿಟ್ಟು ಅಲ್ಲಿ ಯಾರೂ ಹೊಗಳಿ ಹೇಳೋದು ಬೇಡ, ನಂಗೆ ಅದು ಕೇಳಿದ್ರೇ ಸಂಕಟ ಆಗುತ್ತೆ. ನೀನೂ ಹಾಗೇ ಮಾಡ್ತಿದೀಯ. ವರ್ಷಾಂತದ ದಿನ ಬಡ್ಸೋಕೆ ಹುಡುಗ್ರು ನಿಲ್ಲಲಿ, ನೀನು ದೊಡ್ಡಮ್ಮ ಪಂಕ್ತಿಲಿ ಕೂತ್ಕೊಳ್ಳಿ, ಅಜ್ಜಿ ಜೊತೆ ಅಡಿಕೆ ಸುಲಿದ ಹೆಂಗಸ್ರನ್ನ ಮರೀದೆ ಕರೀರಿ, ಅವ್ರಿಗೂ ನಿಮ್ಮ ಜೊತೇಲೇ ಎಲೆ ಹಾಕಿ. ಅಪ್ಪಂಗೂ ಫೋನಲ್ಲಿ ಇದನ್ನೇ ಹೇಳ್ತೀನಿ.

ಮಿಡಿ ಸಿಕ್ಕಿದ್ರೆ ಉಪ್ಪಲ್ಲಿ ಹಾಕಿಡು, ಏಪ್ರಿಲ್ ಕೊನೇಲಿ ಬರ್ತೀನಿ, ಖಾರ ಇಬ್ರೂ ಸೇರಿ ರುಬ್ಬೋಣ.

ನಿನ್ನ ಮಗಳು