ಯಾವ ಅಡ್ಮಿನ್?

ಮಾನ್ಯ ಸಂಪಾದಕರೇ,

ಕ್ಲೌಡ್‌ನಿಂದ ಮಾಹಿತಿ ಸೋರಿದಾಗಲೆಲ್ಲ ಪತ್ರಿಕೆಗಳು 'ಹ್ಯಾಕರ್‌ಗಳ ಕೈಚಳಕ' ಎಂದು ಬರೆಯುತ್ತವೆ. ಸಣ್ಣ ಕಂಪನಿಗಳ ಕ್ಲೌಡ್ ಖಾತೆ ನೋಡಿಕೊಳ್ಳುವುದೇ ನನ್ನ ಕೆಲಸ. ಕೈಚಳಕದ ಅಗತ್ಯವೇ ಇಲ್ಲದಂಥ ಖಾತೆಗಳನ್ನು ಬೇಕಾದಷ್ಟು ನೋಡಿದ್ದೇನೆ.

ಪೀಣ್ಯದ ಒಂದು ಕಾರ್ಖಾನೆಯ ಇನ್‌ವಾಯ್ಸ್, ಡ್ರಾಯಿಂಗ್ ಎಲ್ಲ ಕ್ಲೌಡ್‌ನಲ್ಲಿವೆ. ಮಾಲೀಕರಿಂದ ಹಿಡಿದು ಸ್ಟೋರ್ ಕೀಪರ್‌ವರೆಗೆ ಎಲ್ಲರದೂ 'ಅಡ್ಮಿನ್' ಅನ್ನೋ ಒಂದೇ ಐಡಿ. ಪಾಸ್‌ವರ್ಡ್ ಚೀಟಿ ಮಾನಿಟರ್ ಅಂಚಿನಲ್ಲೇ ಅಂಟಿಕೊಂಡಿತ್ತು. ಒಂದು ದಿನ ಹಳೇ ಇನ್‌ವಾಯ್ಸ್‌ಗಳ ಫೋಲ್ಡರ್ ಮಾಯ. ಲಾಗ್ (ಯಾವ ಐಡಿ ಯಾವಾಗ ಏನು ಮಾಡಿತು ಎಂಬ ದಾಖಲೆ) ತೆಗೆದು ನೋಡಿದರೆ, ಅಳಿಸಿದ್ದು 'ಅಡ್ಮಿನ್'. ಯಾವ ಅಡ್ಮಿನ್? ಬ್ಯಾಕಪ್ ಇದ್ದಿದ್ದಕ್ಕೆ ಬಚಾವಾದರು. ಅಕೌಂಟ್ಸ್ ಹುಡುಗನ ಮೇಲೆ ಬಂದ ಅನುಮಾನ ಮಾತ್ರ ಇನ್ನೂ ಹೋಗಿಲ್ಲ, ಪಾಪ.

ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರಲ್ಲೇ ಹೇಳಿದೆ: ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು, ದಾಳಿ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು. ಸರಿ. ಆದರೆ 180 ದಿನವೂ 'ಅಡ್ಮಿನ್, ಅಡ್ಮಿನ್' ಅಂತಲೇ ಇದ್ದರೆ ಆ ಲಾಗ್ ಯಾರಿಗೆ ಬೇಕು?

ಬಂದವರು ಯಾರು ಎಂದು ಖಾತ್ರಿ ಮಾಡಿಕೊಳ್ಳುವುದು ಒಂದು ಕೆಲಸ. ಅವರು ಏನೇನು ಮುಟ್ಟಬಹುದು ಎಂದು ಗೆರೆ ಹಾಕುವುದು ಇನ್ನೊಂದು. ನಮ್ಮಲ್ಲಿ ಮಾತೆಲ್ಲ ಒಟಿಪಿಗೇ ಮುಗಿಯುತ್ತದೆ, ಎರಡನೆಯದನ್ನು ಕೇಳುವವರೇ ಇಲ್ಲ. 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನಿಂದ ಸುಮಾರು 10.6 ಕೋಟಿ ಜನರ ಮಾಹಿತಿ ಹೋಯಿತು. ನೌಕರರ ಪಾಸ್‌ವರ್ಡ್ ಊಹಿಸಿ ಒಳಗೆ ಹೋಗಿದ್ದಲ್ಲ. ಹೊರಗಿನ ದಾಳಿ ತಡೆಯಬೇಕಾದ ಫೈರ್‌ವಾಲ್‌ನ ಸೆಟ್ಟಿಂಗ್ ತಪ್ಪಿತ್ತು. ಅದರ ಮೂಲಕ, ಆ ಫೈರ್‌ವಾಲ್‌ಗೇ ಕೊಟ್ಟಿದ್ದ ಒಂದು 'ರೋಲ್'ನ (ಅನುಮತಿಗಳ ಕಟ್ಟು) ತಾತ್ಕಾಲಿಕ ಕೀ ಸಿಕ್ಕಿತು. ಆ ರೋಲ್‌ಗೆ ಬ್ಯಾಂಕಿನ ಸ್ಟೋರೇಜ್ ತೆರೆದು ಓದುವ ಅನುಮತಿ ಇತ್ತು! ಫೈರ್‌ವಾಲ್‌ಗೆ ಕ್ರೆಡಿಟ್ ಕಾರ್ಡ್ ಅರ್ಜಿ ಓದುವ ಕೆಲಸವೇನು ಸ್ವಾಮಿ? ಮರುವರ್ಷ ಬ್ಯಾಂಕಿಗೆ 8 ಕೋಟಿ ಡಾಲರ್ ದಂಡ ಬಿತ್ತು.

'ಎಲ್ಲರಿಗೂ ಬೇರೆ ಬೇರೆ ಐಡಿ ಅಂದ್ರೆ ಖರ್ಚು ಜಾಸ್ತಿ ಅಲ್ವಾ?' ಎಂದು ಮಾಲೀಕರು ಕೇಳುತ್ತಾರೆ. ಅಮೆಜಾನ್ ಕ್ಲೌಡ್‌ನಲ್ಲಿ ಐಎಎಂ (ಯಾರಿಗೆ ಯಾವ ಅಧಿಕಾರ ಎಂದು ನಿಗದಿ ಮಾಡುವ ವ್ಯವಸ್ಥೆ) ಐಡಿಗಳಿಗೆ ಬೇರೆ ಶುಲ್ಕವೇ ಇಲ್ಲ. ಸ್ಟೋರ್ ಕೀಪರ್‌ಗೆ ಸ್ಟಾಕ್ ಫೋಲ್ಡರ್ ಮಾತ್ರ ಕಾಣಲಿ, ಅಳಿಸುವ ಅಧಿಕಾರ ಬೇಡ. ಕೆಲಸ ಬಿಟ್ಟವರ ಐಡಿ ಅವತ್ತೇ ಬಂದ್ ಆಗಲಿ. ಎಲ್ಲ ಅಧಿಕಾರವೂ ಇರುವ ಮೂಲ ಖಾತೆ ಮಾಲೀಕರ ಹತ್ತಿರವೇ ಇರಲಿ, ಅದಕ್ಕೂ ಎರಡನೇ ಹಂತದ ಪರಿಶೀಲನೆ ಹಾಕಿಸಲಿ. ಅರ್ಧ ದಿನದ ಕೆಲಸ, ಸುಮ್ನೆ ಮುಂದೂಡುತ್ತಾರೆ.

ನಿಮ್ಮ ವರದಿಗಾರರಲ್ಲಿ ಒಂದು ವಿನಂತಿ. ಮುಂದಿನ ಸಲ ಇಂಥ ಸುದ್ದಿ ಬಂದಾಗ ಕಂಪನಿಯವರನ್ನು ಕೇಳಿ: ಮಾಹಿತಿ ಹೋಗಿದ್ದು ಯಾವ ಐಡಿಯಿಂದ, ಅದಕ್ಕೆ ಅಷ್ಟು ಅಧಿಕಾರ ಕೊಟ್ಟವರು ಯಾರು? ಅವರ ಉತ್ತರವನ್ನೂ ಅಚ್ಚು ಹಾಕಿ.

— ಒಬ್ಬ ಸಿಸ್ಟಂ ಅಡ್ಮಿನ್, ರಾಜಾಜಿನಗರ, ಬೆಂಗಳೂರು